ಘಟ್ಟವೇ ಇಲ್ಲದ ಪಾಲ್ಘಾಟ್

ಘಾಟಿ ಅಂದ ಕೂಡ್ಲೇ ನಮ್ಮ ಕಡೆಯವರಿಗೆ ಏನು ನೆನಪಾಗುತ್ತೆ? ಆಗುಂಬೆಯ ತಿರುವು, ಚಾರ್ಮಾಡಿಯ ಮಂಜು, ಶಿರಾಡಿಯಲ್ಲಿ ಕೆಟ್ಟು ನಿಂತ ಲಾರಿ, ಅದರ ಹಿಂದೆ ಮೈಲುಗಟ್ಟಲೆ ನಿಂತ ಬಸ್ಸು, ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡ್ತಿರೋ ಮಕ್ಕಳು. ಮಳೆಗಾಲ ಬಂತೆಂದರೆ 'ಘಾಟಿ ಬಂದ್' ಅನ್ನೋದು ನಮ್ಮ ಪೇಪರ್‌ಗಳಲ್ಲಿ ಖಾಯಂ ಸುದ್ದಿ. ಘಟ್ಟದ ಮೇಲೆ, ಘಟ್ಟದ ಕೆಳಗೆ ಅಂತ ನಾವು ಊರುಗಳನ್ನಷ್ಟೇ ಅಲ್ಲ, ಅಡುಗೆಯನ್ನು, ಮಾತನ್ನು, ಕೊನೆಗೆ ಸಂಬಂಧ ನೋಡುವಾಗ ಹುಡುಗ-ಹುಡುಗಿಯರನ್ನೂ ಭಾಗ ಮಾಡ್ತೀವಿ.

ಈಗ ಶುಕ್ರವಾರ ರಾತ್ರಿ ಮಡಿವಾಳದಲ್ಲಿ ಎರ್ನಾಕುಲಂ ಬಸ್ ಹತ್ತಿದ ನಿಮ್ಮ ಮಲಯಾಳಿ ಸಹೋದ್ಯೋಗಿಯನ್ನು ಕೇಳಿ ನೋಡಿ, 'ಘಟ್ಟ ಎಲ್ಲಿ ಇಳಿದ್ರಿ?' ಅಂತ. ಅವರಿಗೆ ಹೇಳೋಕಾಗಲ್ಲ. ಹೊಸೂರು, ಕೃಷ್ಣಗಿರಿ ದಾಟಿ ತೊಪ್ಪೂರಿನ ಇಳಿಜಾರು ಇಳಿದರೆ ಸೇಲಂ. ಅಲ್ಲಿಂದ ಕೊಯಮತ್ತೂರಿನವರೆಗೂ ಬಯಲು. ಅದಾದ ಮೇಲೆ ಒಂದು ಗಂಟೆಯಲ್ಲಿ ಪಾಲಕ್ಕಾಡ್. ಗುಜರಾತಿನ ಗಡಿಯಿಂದ ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿ.ಮೀ. ಉದ್ದಕ್ಕೆ ಗೋಡೆಯ ಹಾಗೆ ನಿಂತಿರೋ ಪಶ್ಚಿಮ ಘಟ್ಟವನ್ನು ಅವರು ನಿದ್ದೆಯಲ್ಲೇ ದಾಟಿರ್ತಾರೆ. ಒಂದೇ ಒಂದು ಹೇರ್‌ಪಿನ್ ತಿರುವೂ ಇಲ್ಲದೆ! ಪಾಲಕ್ಕಾಡ್ ಬಿಟ್ಟು ತ್ರಿಶೂರಿನ ಕಡೆ ಹೋಗುವಾಗ ಕುದಿರಾನ್ ಅನ್ನೋ ಕಡೆ ಈಗೊಂದು ಸುರಂಗ ಸಿಗುತ್ತೆ ನಿಜ, ಆದರೆ ಅದು ಅಡ್ಡ ಬಂದ ಒಂದು ಗುಡ್ಡ ಅಷ್ಟೇ. ಅಸಲಿ ಘಟ್ಟ ಅಷ್ಟರಲ್ಲಿ ಹಿಂದೆ ಉಳಿದಿರುತ್ತೆ.

ಇಂಗ್ಲಿಷರು ಈ ಊರಿಗೆ ಪಾಲ್ಘಾಟ್ ಅಂತ ಹೆಸರಿಟ್ಟರು. ಆದರೆ ಹೆಸರಿನಲ್ಲಿ ಇರೋ ಘಾಟ್ ನೆಲದ ಮೇಲೆ ಇಲ್ಲ.

ಉತ್ತರಕ್ಕೆ ನೀಲಗಿರಿ ಸಾಲು. ಅಲ್ಲಿ ನಮ್ಮದೇ ಹೆಸರಿನ ದೊಡ್ಡಬೆಟ್ಟ 2,637 ಮೀಟರ್ ಎತ್ತರಕ್ಕೆ ನಿಂತಿದೆ. ದಕ್ಷಿಣಕ್ಕೆ ಆನೆಮಲೆ ಸಾಲು. ಆ ಕಡೆಯ ಆನೆಮುಡಿ 2,695 ಮೀಟರ್, ಹಿಮಾಲಯದ ದಕ್ಷಿಣಕ್ಕೆ ಅದಕ್ಕಿಂತ ಎತ್ತರದ ಶಿಖರ ಇಲ್ಲ. ಈ ಎರಡು ದೈತ್ಯರ ನಡುವೆ ಸುಮಾರು 30 ಕಿ.ಮೀ. ಅಗಲದ ಬಯಲು. ಪಾಲಕ್ಕಾಡ್ ಪೇಟೆ ಇರೋದು ಸಮುದ್ರ ಮಟ್ಟದಿಂದ 100 ಮೀಟರಿಗಿಂತಲೂ ಕಡಿಮೆ ಎತ್ತರದಲ್ಲಿ. ಅಲ್ಲಿಂದ ಪೂರ್ವಕ್ಕೆ ಸುಮಾರು 50 ಕಿ.ಮೀ. ಹೋದರೆ 400 ಮೀಟರ್ ಎತ್ತರದಲ್ಲಿ ಕೊಯಮತ್ತೂರು. ಏರು ಎಷ್ಟು ಮೆಲ್ಲಗೆ ಅಂದ್ರೆ ಸೈಕಲ್ ತುಳಿಯುವವನಿಗೂ ದಮ್ಮು ಹತ್ತಲ್ಲ. ಮಲೆನಾಡಿನ ಕಡೆ ಬೇಲಿಯಲ್ಲಿ ಜನ ದಾಟೋಕೆ ಅಂತ ಬಿಡೋ ಜಾಗಕ್ಕೆ ತಡಮೆ, ಉಣಗೋಲು ಅಂತಾರಲ್ಲ, ಪಶ್ಚಿಮ ಘಟ್ಟ ಅನ್ನೋ ಬೇಲಿಗೆ ಪಾಲಕ್ಕಾಡೇ ಉಣಗೋಲು.

ಈ ಕಂಡಿ ಹೇಗಾಯ್ತು ಅನ್ನೋದರ ಬಗ್ಗೆ ಭೂವಿಜ್ಞಾನಿಗಳು ಇನ್ನೂ ವಾದ ಮಾಡ್ತಾ ಇದ್ದಾರೆ. ಒಂದು ವಿಷಯದಲ್ಲಿ ಮಾತ್ರ ಒಪ್ಪಿಗೆಯಿದೆ. ಪಾಲಕ್ಕಾಡಿನಿಂದ ಕಾವೇರಿಯ ಕಡೆಗೆ ನೆಲದೊಳಗೆ ಒಂದು ಬಹಳ ಹಳೆಯ ದುರ್ಬಲ ಪಟ್ಟಿ ಹಾದುಹೋಗುತ್ತೆ. 50 ಕೋಟಿ ವರ್ಷಗಳಿಗೂ ಹಿಂದೆ, ಗೊಂಡ್ವಾನಾ ಅನ್ನೋ ಮಹಾಖಂಡ ಕೂಡಿಕೊಳ್ಳುವಾಗ, ಬಂಡೆಗಳು ಒಂದರ ಪಕ್ಕ ಒಂದು ಜಾರಿ ಅರೆದುಹೋದ ಜಾಗ ಅದು. ಆಮೇಲೆ ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡು ಹೋಯ್ತು, ಪಶ್ಚಿಮ ಘಟ್ಟದ ಅಂಚು ಎದ್ದು ನಿಂತಿತು. ಮಡಗಾಸ್ಕರಿನ ದಕ್ಷಿಣದಲ್ಲೂ ಇಂಥದ್ದೇ ಒಂದು ಪಟ್ಟಿ ಇದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ ವಿಜ್ಞಾನಿಗಳು ಅವು ಒಂದು ಕಾಲದಲ್ಲಿ ಒಂದೇ ಗೆರೆ ಇದ್ದಿರಬಹುದು ಅಂತಾರೆ. ಮೆತ್ತಗಾದ ಈ ನೆಲವನ್ನು ಕೋಟ್ಯಂತರ ವರ್ಷದ ಮಳೆ, ಹೊಳೆ ಕೊರೆದವು. ಈಗ ಆ ಕಂಡಿಯಲ್ಲಿ ಭಾರತಪ್ಪುಳ ಪಶ್ಚಿಮಕ್ಕೆ ಹರಿದು ಪೊನ್ನಾನಿಯಲ್ಲಿ ಅರಬ್ಬಿ ಸಮುದ್ರ ಸೇರುತ್ತೆ. ಅದರ ಒಂದು ಉಪನದಿಯ ಹೆಸರು ಕಣ್ಣಾಡಿಪ್ಪುಳ. ಮಲಯಾಳದಲ್ಲಿ ಕಣ್ಣಾಡಿ ಅಂದ್ರೆ ನಮ್ಮ ಕನ್ನಡಿಯೇ.

ಊರಿನ ಹೆಸರೂ ನಮಗೆ ಅಷ್ಟೇನೂ ಪರಕೀಯ ಅಲ್ಲ. ಪಾಲ ಮರಗಳ ಕಾಡು ಪಾಲಕ್ಕಾಡ್ ಅನ್ನೋದು ಹೆಚ್ಚು ಜನ ಒಪ್ಪೋ ಅರ್ಥ. ಆಟಿ ಅಮಾವಾಸ್ಯೆ ದಿನ ತುಳುನಾಡಿನಲ್ಲಿ ಬೆಳಗ್ಗೆ ಎದ್ದು ಕಹಿ ಕಷಾಯ ಕುಡೀತಾರಲ್ಲ, ಆ ಪಾಲೆ ಮರ ಇದೇ. ತುಳು, ತಮಿಳು, ಮಲಯಾಳದ 'ಪ' ಕನ್ನಡದಲ್ಲಿ 'ಹ' ಆಗೋದು ನಿಮಗೆ ಗೊತ್ತಿರೋದೇ. ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು, ಹಾಗೇ ಪಾಲೆ ಹಾಲೆ ಆಯ್ತು. ಆ ಲೆಕ್ಕದಲ್ಲಿ ಪಾಲಕ್ಕಾಡ್ ಅಂದ್ರೆ ಹಾಲೆಕಾಡು. ಮೂಡಿಗೆರೆ ಕಡೆ ಒಂದು ಬಸ್ ಸ್ಟಾಪಿಗೆ ಈ ಹೆಸರು ಇದ್ದಿದ್ರೂ ಯಾರೂ ಹುಬ್ಬೇರಿಸ್ತಿರಲಿಲ್ಲ.

ಬೇಲಿಯಲ್ಲಿ ಕಂಡಿ ಇದ್ದರೆ ಮೊದಲು ನುಗ್ಗೋದು ವ್ಯಾಪಾರಿಗಳು. ಎರಡು ಸಾವಿರ ವರ್ಷದ ಹಿಂದೆ ರೋಮನ್ ಹಡಗುಗಳು ಮೆಣಸಿಗಾಗಿ ಮುಸಿರಿಸ್ ಬಂದರಿಗೆ ಬರ್ತಿದ್ದವು. ಆದರೆ ಅವರಿಗೆ ಬೇಕಾಗಿದ್ದ ಹರಳು ಇದ್ದದ್ದು ಘಟ್ಟದ ಆ ಕಡೆ, ಕೊಂಗುನಾಡಿನಲ್ಲಿ. ನೊಯ್ಯಲ್ ನದಿ ದಂಡೆಯ ಕೊಡುಮಣಲ್‌ನಲ್ಲಿ ಉತ್ಖನನ ಮಾಡಿದಾಗ ಹರಳು ಕೊರೆದು ಮಣಿ ಮಾಡ್ತಿದ್ದ ಕಾರ್ಖಾನೆಗಳ ಕುರುಹು ಸಿಕ್ಕಿವೆ. ರೋಮನ್ ನಾಣ್ಯಗಳ ಗಂಟು ಈ ಕಡೆ ತ್ರಿಶೂರ್ ಜಿಲ್ಲೆಯ ಇಯ್ಯಾಲ್‌ನಲ್ಲಿ ಸಿಕ್ಕಿದೆ, ಆ ಕಡೆ ಕೊಯಮತ್ತೂರಿನ ವೆಳ್ಳಲೂರಿನಲ್ಲಿ ಸಿಕ್ಕಿದೆ. ನಾಣ್ಯ ಸಿಕ್ಕ ಊರುಗಳನ್ನು ಮ್ಯಾಪಿನ ಮೇಲೆ ಗುರುತು ಮಾಡಿ ಗೆರೆ ಎಳೆದರೆ ಆ ಗೆರೆ ಪಾಲಕ್ಕಾಡ್ ಕಂಡಿಯ ಮೂಲಕವೇ ಹಾದುಹೋಗುತ್ತೆ. ಬೇರೆ ದಾರಿ ಎಲ್ಲಿತ್ತು?

ವ್ಯಾಪಾರಿಗಳ ಹಿಂದೆ ನೆಲೆಸುವವರು ಬಂದರು. ತಮಿಳುನಾಡಿನಿಂದ ಬಂದ ಬ್ರಾಹ್ಮಣರು ಕಲ್ಪಾತಿ ಹೊಳೆಯ ದಂಡೆಯಲ್ಲಿ ಅಗ್ರಹಾರ ಕಟ್ಟಿಕೊಂಡರು. ಅಲ್ಲಿನ ವಿಶ್ವನಾಥಸ್ವಾಮಿ ದೇವಸ್ಥಾನದ ಕಾಲ 15ನೇ ಶತಮಾನ ಅಂತಾರೆ. ಇವತ್ತಿಗೂ ನವೆಂಬರ್ ಹೊತ್ತಿಗೆ ತೇರು ಎಳೀತಾರೆ. ರೈಲ್ವೆ ಸ್ಟೇಷನ್ ಹತ್ತಿರ ಜೈನಿಮೇಡು ಅನ್ನೋ ಜಾಗದಲ್ಲಿ ಜೈನ ಬಸದಿ ಇದೆ, ಅದನ್ನು ಕಟ್ಟಿಸಿದ್ದು ವಜ್ರದ ವ್ಯಾಪಾರಿಗಳು ಅನ್ನೋ ಪ್ರತೀತಿ. ನಮಗೆ ಇನ್ನೂ ಹತ್ತಿರದ್ದು ಬೇಕು ಅಂದ್ರೆ ಹೊಳೆಯ ಜೊತೆ ಇನ್ನಷ್ಟು ಕೆಳಗೆ, ತಿರುವಿಲ್ವಾಮಲೆ ಹತ್ತಿರದ ಕುತ್ತಾಂಪುಳ್ಳಿಗೆ ಹೋಗಬೇಕು. ಅಲ್ಲಿ ನೇಕಾರರ ಊರೇ ಇದೆ. ಕೊಚ್ಚಿಯ ಅರಸರು ಮೈಸೂರು ಸೀಮೆಯಿಂದ ಕರೆಸಿಕೊಂಡರು ಅನ್ನೋ ದೇವಾಂಗದವರು. ಬಂದು ಹತ್ತಿರ ಹತ್ತಿರ 500 ವರ್ಷ ಆಯ್ತು ಅಂತ ಅವರೇ ಹೇಳ್ಕೋತಾರೆ. ಮನೆದೇವರು ಚೌಡೇಶ್ವರಿ, ಅವರ ಬಾಯಲ್ಲಿ ಸೌಡೇಶ್ವರಿ. ಮನೆಯೊಳಗಿನ ಮಾತು ತಮಿಳು, ಮಲಯಾಳ ಬೆರೆತ ಕನ್ನಡ. ನಿಮ್ಮ ಆಫೀಸಿನಲ್ಲಿ ಓಣಂ ದಿನ ಹುಡುಗಿಯರು ಉಟ್ಟು ಬರೋ ಚಿನ್ನದಂಚಿನ ಬಿಳಿ ಸೀರೆ ಕನ್ನಡ ಮಾತಾಡೋ ಮನೆಯ ಮಗ್ಗದಿಂದ ಬಂದಿರಬಹುದು. ಅದನ್ನು ಉಟ್ಟವರಿಗೂ ಗೊತ್ತಿರಲ್ಲ, 'ಚೆನ್ನಾಗಿದೆ' ಅಂದ ನಮಗೂ ಗೊತ್ತಿರಲ್ಲ.

ಕೊನೆಗೆ ಬಂದದ್ದು ಸೈನ್ಯ. ಅದೂ ನಮ್ಮ ಕಡೆಯಿಂದ.

ಕೊಯಮತ್ತೂರಿನ ಸೀಮೆ 17ನೇ ಶತಮಾನದಲ್ಲೇ ಮೈಸೂರು ಒಡೆಯರ ಕೈಗೆ ಬಂದಿತ್ತು. ಅಂದರೆ ಕಂಡಿಯ ಪೂರ್ವದ ಬಾಯಿ ಮೈಸೂರಿನದು. ಪಾಲಕ್ಕಾಡಿನ ಅರಸನಿಗೆ ಕೋಳಿಕ್ಕೋಡಿನ ಸಾಮೂದಿರಿಯ ಕಾಟ. 1757ರಲ್ಲಿ ಆತ ಆಗ ದಿಂಡಿಗಲ್ಲಿನಲ್ಲಿ ಮೈಸೂರಿನ ಫೌಜುದಾರನಾಗಿದ್ದ ಹೈದರಾಲಿಯ ಸಹಾಯ ಕೇಳಿದ. ಹೈದರ್ ತನ್ನ ಬಾಮೈದ ಮಖ್ದೂಮ್ ಅಲಿಯನ್ನು ದಂಡಿನ ಜೊತೆ ಕಳಿಸಿದ. ಸಾಮೂದಿರಿ ಹಿಂದೆ ಸರಿದು 12 ಲಕ್ಷ ರೂಪಾಯಿ ಕೊಡ್ತೀನಿ ಅಂತ ಒಪ್ಪಿಕೊಂಡ, ಆದರೆ ಕೊಡಲಿಲ್ಲ. ಈ ಬಾಕಿಯ ಲೆಕ್ಕವನ್ನು ಹೈದರ್ ಮರೆಯಲಿಲ್ಲ. ಒಂಬತ್ತು ವರ್ಷದ ನಂತರ, 1766ರಲ್ಲಿ, ಮಂಗಳೂರಿನ ಕಡೆಯಿಂದ ಕರಾವಳಿ ಹಿಡಿದು ಮಲಬಾರಿಗೆ ಇಳಿದ. ಸಾಮೂದಿರಿ ತನ್ನ ಅರಮನೆಗೆ ತಾನೇ ಬೆಂಕಿ ಹಚ್ಚಿಕೊಂಡು ಸತ್ತ. ಹೈದರ್ ಕೊಯಮತ್ತೂರಿಗೆ ಹೋಗಿ ಬೀಡುಬಿಟ್ಟದ್ದೇ ತಡ, ಹಿಂದೆ ಮಲಬಾರಿನಲ್ಲಿ ನಾಯರ್‌ಗಳ ದಂಗೆ ಎದ್ದಿತು. ಸುರಿಯೋ ಮಳೆಗಾಲದಲ್ಲಿ, ಹೊಳೆಗಳು ತುಂಬಿ ಹರಿಯುವಾಗ, ಇದೇ ಕಂಡಿಯಲ್ಲಿ ಕುದುರೆ ಸೈನ್ಯ ನುಗ್ಗಿಸಿ ಆತ ವಾಪಸ್ ಬರಬೇಕಾಯ್ತು.

ಅದೇ ವರ್ಷ ಪಾಲಕ್ಕಾಡಿನಲ್ಲಿ ಕೋಟೆ ಎದ್ದಿತು. ಈಗ ಅದನ್ನು ಎಲ್ಲರೂ ಟಿಪ್ಪು ಕೋಟೆ ಅಂತಾರೆ, ಕಟ್ಟಿಸಿದ್ದು ಅಪ್ಪ. ಕೋಟೆ ಅಂದ್ರೆ ನಮಗೆ ಚಿತ್ರದುರ್ಗ, ಸಾವನದುರ್ಗದ ಹಾಗೆ ಬಂಡೆ ಹತ್ತಿ ನೋಡೋದು. ಇದು ಹಾಗಲ್ಲ. ಮಟ್ಟಸ ಬಯಲಲ್ಲಿ ಕಗ್ಗಲ್ಲಿನ ಚೌಕ ಗೋಡೆ, ದಪ್ಪ ಕೊತ್ತಲಗಳು, ಸುತ್ತ ನೀರು ತುಂಬಿದ ಕಂದಕ. ಬೆಟ್ಟ ಕಾಯೋಕೆ ಕಟ್ಟಿದ ಕೋಟೆಗಳು ನಮ್ಮಲ್ಲಿ ನೂರಿವೆ. ಇದನ್ನು ಕಟ್ಟಿದ್ದು ಬೆಟ್ಟ ಇಲ್ಲ ಅನ್ನೋ ಕಾರಣಕ್ಕೆ. ಶ್ರೀರಂಗಪಟ್ಟಣದಿಂದ ಗಜ್ಜಲಹಟ್ಟಿ ಕಣಿವೆ ಇಳಿದು ಕೊಯಮತ್ತೂರಿಗೆ, ಅಲ್ಲಿಂದ ಪಾಲಕ್ಕಾಡಿಗೆ, ಪಾಲಕ್ಕಾಡಿನಿಂದ ಸಮುದ್ರಕ್ಕೆ. ವಯನಾಡಿನ, ಕೊಡಗಿನ ಕಡಿದಾದ ದಾರಿಗಳಲ್ಲಿ ತೋಪು ಎಳೆಯೋ ಎತ್ತುಗಳ ಪಾಡು ನೆನೆಸಿಕೊಂಡರೆ ಮೈಸೂರಿಗೆ ಈ ಬಾಗಿಲು ಯಾಕೆ ಬೇಕಿತ್ತು ಅಂತ ಗೊತ್ತಾಗುತ್ತೆ.

ಮೈಸೂರಿಗೆ ಬೇಕು ಅಂದಮೇಲೆ ಇಂಗ್ಲಿಷರಿಗೂ ಬೇಕು. 1768ರಲ್ಲಿ ಕರ್ನಲ್ ವುಡ್ ಕೋಟೆ ಹಿಡಿದ, ಕೆಲವೇ ತಿಂಗಳಲ್ಲಿ ಹೈದರ್ ಕಿತ್ತುಕೊಂಡ. 1783ರ ನವೆಂಬರಿನಲ್ಲಿ ಕರ್ನಲ್ ಫುಲ್ಲರ್ಟನ್ ಮುತ್ತಿಗೆ ಹಾಕಿದಾಗ ಜಡಿಮಳೆ. ಹೊರಗಿನ ಕಾವಲಿನವರು ಮಳೆಗೆ ಹಿಮ್ಮೆಟ್ಟಿದ ಹೊತ್ತು ನೋಡಿ ಕ್ಯಾಪ್ಟನ್ ಮೇಟ್ಲಂಡ್ ಅವರ ಬೆನ್ನಿಗೇ ಬಾಗಿಲೊಳಗೆ ನುಗ್ಗಿದ. ಕೋಟೆ ಬಿತ್ತು. ಇಲ್ಲಿಂದ ಎರಡೂ ಕರಾವಳಿಗೆ ದಾರಿ ಇದೆ, ಶ್ರೀರಂಗಪಟ್ಟಣವೂ ದೂರ ಅಲ್ಲ ಅನ್ನೋದು ಫುಲ್ಲರ್ಟನ್ನನ ಲೆಕ್ಕ. ಅಷ್ಟರಲ್ಲಿ ಸಂಧಿಯ ಮಾತು ಶುರುವಾಗಿ, 1784ರಲ್ಲಿ ಕೋಟೆ ಮತ್ತೆ ಟಿಪ್ಪುವಿನ ಕೈಗೆ ಬಂತು. 1790ರಲ್ಲಿ ಕರ್ನಲ್ ಸ್ಟುವರ್ಟ್ ಬಂದ, ಆಮೇಲೆ ಮೈಸೂರಿಗೆ ಅದು ಸಿಗಲೇ ಇಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮಲಬಾರಿನ ಜೊತೆ ಪಾಲಕ್ಕಾಡನ್ನೂ ಬಿಟ್ಟುಕೊಡಬೇಕಾಯ್ತು. ಆ ಒಪ್ಪಂದ ಅಂದ್ರೆ ನಮಗೆ ನೆನಪಿರೋದು ಟಿಪ್ಪು ಒತ್ತೆ ಇಟ್ಟ ಇಬ್ಬರು ಮಕ್ಕಳು. ಸಮುದ್ರದ ಕಡೆಯ ಬಾಗಿಲೂ ಅವತ್ತೇ ಮುಚ್ಚಿತು ಅನ್ನೋದು ಪಾಠದಲ್ಲಿ ಬರಲಿಲ್ಲ. ಈಗ ಕೋಟೆ ಪುರಾತತ್ವ ಇಲಾಖೆಯದು. ಬಾಗಿಲ ಹತ್ತಿರ ಆಂಜನೇಯನ ಗುಡಿ, ಕಂದಕದ ಸುತ್ತ ಬೆಳಗ್ಗೆ ವಾಕಿಂಗ್ ಮಾಡೋ ರಿಟೈರ್ಡ್ ಜನ.

ಕತ್ತಿ ಒರೆಗೆ ಸೇರಿದ ಮೇಲೆ ಕಬ್ಬಿಣದ ಹಳಿ ಬಂತು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ರೈಲು ಇಳಿಸೋಕೆ ನಮಗೆ 57 ಸುರಂಗ ಬೇಕಾದವು, ಆ ದಾರಿ ತೆರೆಯೋ ಹೊತ್ತಿಗೆ 1979 ಆಗಿತ್ತು. ಮದ್ರಾಸಿನಿಂದ ಹೊರಟ ಹಳಿ ಪಾಲಕ್ಕಾಡ್ ಕಂಡಿಯಲ್ಲಿ ಹಾದು ಕೋಳಿಕ್ಕೋಡಿನ ಹತ್ತಿರದ ಬೇಪೂರ್ ಮುಟ್ಟಿದ್ದು 1862ರಲ್ಲಿ! ಮುಂಬೈಯವರು ಬೋರ್ ಘಾಟಿನಲ್ಲಿ ಇನ್ನೂ ಬಂಡೆ ಒಡೀತಾ ಇದ್ದರು, ಇಲ್ಲಿ ಆಗಲೇ ಬಂಗಾಳ ಕೊಲ್ಲಿಯಿಂದ ಅರಬ್ಬಿ ಸಮುದ್ರದವರೆಗೆ ರೈಲು ಓಡ್ತಿತ್ತು. ಹಳಿ ಪೇಟೆಯನ್ನು ಮುಟ್ಟದೆ ಪಕ್ಕದ ಒಲವಕ್ಕೋಡಿನಲ್ಲಿ ಹಾದುಹೋಯ್ತು, ಅದೇ ಇವತ್ತಿನ ಪಾಲಕ್ಕಾಡ್ ಜಂಕ್ಷನ್. ಬೆಂಗಳೂರಿನಿಂದ ಕೊಚ್ಚಿ, ತಿರುವನಂತಪುರಕ್ಕೆ ಹೋಗೋ ರೈಲುಗಳ ದಾರಿಯೂ ಇದೇ. ಅಂದ ಹಾಗೆ, ನಮ್ಮ ಕೊಂಕಣ ರೈಲ್ವೆ ಕಟ್ಟಿಸಿದ ಇ. ಶ್ರೀಧರನ್ ಈ ಜಿಲ್ಲೆಯವರೇ. ಚುನಾವಣಾ ಆಯೋಗ ಅಂದ್ರೆ ಏನು ಅಂತ ಪಕ್ಷಗಳಿಗೆ ತೋರಿಸಿದ ಟಿ.ಎನ್. ಶೇಷನ್ ಕೂಡ.

ಇಷ್ಟೆಲ್ಲ ಮನುಷ್ಯರ ಓಡಾಟ ಆಯ್ತು. ಇದಕ್ಕಿಂತ ಹಳೆಯ ಪ್ರಯಾಣಿಕ ಗಾಳಿ. ಜೂನಿನಲ್ಲಿ ನೈಋತ್ಯ ಮಾರುತ ಎಲ್ಲ ಕಡೆ ಘಟ್ಟಕ್ಕೆ ಬಡಿದು ಅಲ್ಲೇ ಮಳೆ ಸುರಿಸುತ್ತೆ. ಇಲ್ಲಿ ಬಡಿಯೋಕೆ ಏನೂ ಇಲ್ಲ, ಹಾಗಾಗಿ ಸೀದಾ ಒಳಗೆ ನುಗ್ಗುತ್ತೆ. ಕೊಯಮತ್ತೂರಿಗೆ ಬೇಸಿಗೆ ಮುಗಿಯುತ್ತಲೇ ತಣ್ಣಗಿನ ಗಾಳಿ ಬರೋದು ಈ ಕಿಟಕಿಯಿಂದ. ಉಡುಮಲೈಪೇಟೆ, ಪಲ್ಲಡಂ ಕಡೆ ಕಣ್ಣು ಹಾಯಿಸಿದಷ್ಟು ದೂರ ಗಾಳಿಯಂತ್ರ ತಿರುಗೋದೂ ಇದರಿಂದಲೇ. ಡಿಸೆಂಬರ್, ಜನವರಿಯಲ್ಲಿ ಗಾಳಿ ದಿಕ್ಕು ಬದಲಿಸಿ ಪೂರ್ವದ ಬಯಲಿನ ಒಣ ಗಾಳಿ ಕೇರಳದ ಒಳಗೆ ಹೋಗುತ್ತೆ. ಮಾರ್ಚ್ ಬಂತೆಂದರೆ ಪಾಲಕ್ಕಾಡಿನಲ್ಲಿ ಬಿಸಿಲು 40 ಡಿಗ್ರಿ ದಾಟೋದು ಹೊಸ ಸುದ್ದಿಯಲ್ಲ. ತೆಂಗಿನ ನಾಡು ಅಂತ ಹೋದವರಿಗೆ ಇಲ್ಲಿ ಗದ್ದೆ ಬದುವಿನ ಮೇಲೆ ಸಾಲಾಗಿ ತಾಳೆ ಮರ ಕಾಣುತ್ತೆ. ಒ.ವಿ. ವಿಜಯನ್ ಅವರ 'ಖಸಾಕ್ಕಿಂಡೆ ಇತಿಹಾಸಂ' ಕಾದಂಬರಿಗೆ ನೆಲೆಯಾದ ತಸ್ರಾಕ್ ಇದೇ ತಾಳೆ, ಇದೇ ಗಾಳಿಯ ಹಳ್ಳಿ.

ವಿಚಿತ್ರ ನೋಡಿ, ಮನುಷ್ಯನಿಗೆ, ಗಾಳಿಗೆ ಬಾಗಿಲಾದ ಈ ಜಾಗ ಕೆಲವು ಜೀವಗಳಿಗೆ ಗೋಡೆ. ಬೆಟ್ಟದ ತುದಿಯ ಶೋಲಾ ಕಾಡಿನಲ್ಲಿ ಮಾತ್ರ ಬದುಕೋ ಪುಟ್ಟ ನೀಲಿ ಹಕ್ಕಿಗೆ ಈ ಬಿಸಿ ಬಯಲು ದಾಟೋಕೆ ಆಗಲಿಲ್ಲ. ಲಕ್ಷಾಂತರ ವರ್ಷ ಈ ಕಡೆಯದು ಈ ಕಡೆ, ಆ ಕಡೆಯದು ಆ ಕಡೆ ಉಳಿದು ಈಗ ಎರಡು ಬೇರೆ ಬೇರೆ ಪ್ರಭೇದಗಳೇ ಆಗಿಹೋಗಿವೆ. ನೀಲಗಿರಿಯಲ್ಲೂ ನಮ್ಮ ಬಾಬಾಬುಡನ್‌ಗಿರಿಯಲ್ಲೂ ಇರೋದು ಒಂದು, ಆನೆಮಲೆ ಕಡೆಯದು ಇನ್ನೊಂದು. ಆನೆಗಳ ಡಿಎನ್‌ಎ ನೋಡಿದವರಿಗೂ ಕಂಡಿಯ ಉತ್ತರದ ಹಿಂಡು, ದಕ್ಷಿಣದ ಹಿಂಡು ಬೇರೆ ಬೇರೆ ಅಂತ ಕಂಡಿದೆ. ಇನ್ನು ಉತ್ತರದ ಬೆಟ್ಟದ ಬುಡದಲ್ಲಿ ಓಡಾಡೋ ಆನೆಗಳಿಗೆ ಎದುರಾಗೋದು ರೈಲು ಹಳಿ. ವಾಳಯಾರ್, ಮದುಕ್ಕರೈ ನಡುವೆ ಹಳಿ ಕಾಡಿನ ಅಂಚನ್ನೇ ಸೀಳಿಕೊಂಡು ಹೋಗುತ್ತೆ. ರೈಲಿಗೆ ಸಿಕ್ಕಿ ಆನೆ ಸತ್ತ ಸುದ್ದಿ ಎಷ್ಟೋ ಸಲ ಓದಿದ್ದೀವಿ. 2024ರಲ್ಲಿ ಮದುಕ್ಕರೈ ಕಾಡಿನಲ್ಲಿ ತಮಿಳುನಾಡು ಅರಣ್ಯ ಇಲಾಖೆ ಕೃತಕ ಬುದ್ಧಿಮತ್ತೆಯ ಕ್ಯಾಮೆರಾ ಕಂಬ ನೆಟ್ಟಿತು. ಆನೆ ಹಳಿಯ ಹತ್ತಿರ ಬಂದರೆ ಎಚ್ಚರಿಕೆ ಹೋಗುತ್ತೆ, ಲೋಕೋ ಪೈಲಟ್ ವೇಗ ಇಳಿಸ್ತಾನೆ. ಇಮೇಜ್ ರೆಕಗ್ನಿಷನ್ ಅನ್ನೋ ವಿದ್ಯೆಗೆ ಫೋಟೋದಲ್ಲಿ ಮುಖ ಹುಡುಕೋದಕ್ಕಿಂತ ಒಳ್ಳೆ ಕೆಲಸ ಸಿಕ್ಕಿದ ಅಪರೂಪದ ಜಾಗ ಇದು.

1956ರ ನವೆಂಬರ್ 1ರಂದು ನಮ್ಮ ರಾಜ್ಯ ಹುಟ್ಟಿದ ದಿನವೇ ಕೇರಳವೂ ಹುಟ್ಟಿತು. ಅವತ್ತು ಕಂಡಿಯ ನಡುವೆ ಒಂದು ಗೆರೆ ಬಿತ್ತು. ಪಾಲಕ್ಕಾಡ್ ಕೇರಳಕ್ಕೆ, ಕೊಯಮತ್ತೂರು ಮದ್ರಾಸಿಗೆ. ಗೆರೆ ಬಿದ್ದ ಮೇಲೆ ಚೆಕ್‌ಪೋಸ್ಟ್ ಬರಲೇಬೇಕಲ್ಲ. ವಾಳಯಾರ್ ಚೆಕ್‌ಪೋಸ್ಟಿನಲ್ಲಿ ತೆರಿಗೆ ಕಟ್ಟೋಕೆ ಲಾರಿಗಳು ಸಾಲು ನಿಲ್ತಿದ್ದ ಕಥೆ ಕೇರಳಕ್ಕೆ ಸರಕು ಒಯ್ದ ಯಾವ ಡ್ರೈವರನ್ನು ಕೇಳಿದರೂ ಹೇಳ್ತಾನೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಆ ಸಾಲು ಹೋಯ್ತು.

ನೀರಿನ ಲೆಕ್ಕ ಮಾತ್ರ ಹೋಗಿಲ್ಲ. ಕಾವೇರಿಯ ಜಗಳದಲ್ಲೇ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತೆ. ಆನೆಮಲೆಯ ಹೊಳೆಗಳನ್ನು ಪರಂಬಿಕುಳಂ-ಆಳಿಯಾರ್ ಯೋಜನೆಯಲ್ಲಿ ತಮಿಳುನಾಡಿನ ಬಯಲಿಗೆ ತಿರುಗಿಸಿದರು. 1970ರ ಒಪ್ಪಂದದ ಪ್ರಕಾರ ಆಳಿಯಾರಿನಿಂದ ಚಿತ್ತೂರು ಹೊಳೆಗೆ ವರ್ಷಕ್ಕೆ 7.25 ಟಿಎಂಸಿ ನೀರು ಬಿಡಬೇಕು. ಮಳೆ ಕೈಕೊಟ್ಟ ವರ್ಷ ಈ ಅಂಕಿ ಎರಡೂ ಕಡೆಯ ರೈತರ ಬಾಯಲ್ಲಿರುತ್ತೆ. ಯಾಕಂದ್ರೆ ಪಾಲಕ್ಕಾಡ್ ಕೇರಳದ ಭತ್ತದ ಕಣಜ. ಅಷ್ಟು ಅಕ್ಕಿ ಬೆಳೆಯೋ ಜಿಲ್ಲೆಯ ಪೂರ್ವದ ಅಂಚು ಅರ್ಧ ಮಳೆನೆರಳಿನ ಒಣ ನೆಲ.

ಆ ಒಣ ಅಂಚಿನಲ್ಲೇ ಪ್ಲಾಚಿಮಡ ಇದೆ. 2000ದಲ್ಲಿ ಅಲ್ಲಿಗೆ ಕೋಕಾಕೋಲಾ ಕಂಪನಿಯ ಬಾಟ್ಲಿಂಗ್ ಘಟಕ ಬಂತು. ತಂಪುಪಾನೀಯದ ಕಚ್ಚಾ ಮಾಲು ಅಂದ್ರೆ ಮುಖ್ಯವಾಗಿ ನೀರು, ಅದು ಬರೋದು ಕೊಳವೆಬಾವಿಯಿಂದ. ಸ್ವಲ್ಪ ಸಮಯದಲ್ಲೇ ಸುತ್ತಲಿನ ಬಾವಿಗಳ ನೀರು ಇಳೀತು, ಇದ್ದದ್ದು ಕುಡಿಯೋಕೆ ಬರದ ಹಾಗೆ ಕೆಟ್ಟಿತು ಅಂತ ಜನ ದೂರಿದರು. 2002ರಲ್ಲಿ ಫ್ಯಾಕ್ಟರಿ ಗೇಟಿನೆದುರು ಧರಣಿ ಕೂತರು. ಮುಂದೆ ನಿಂತವರಲ್ಲಿ ಒಬ್ಬರು ಮಯಿಲಮ್ಮ ಅನ್ನೋ ಆದಿವಾಸಿ ಹೆಂಗಸು. ಬಾವಿಯಿಂದ ನೀರು ಸೇದಿ ತರೋದು ಅವರ ದಿನದ ಕೆಲಸ, ಕೆಟ್ಟ ನೀರು ಯಾವುದು ಅಂತ ಹೇಳೋಕೆ ಅವರಿಗೆ ಲ್ಯಾಬ್ ರಿಪೋರ್ಟ್ ಬೇಕಿರಲಿಲ್ಲ. ಪೆರುಮಾಟ್ಟಿ ಪಂಚಾಯ್ತಿ ಲೈಸೆನ್ಸ್ ನವೀಕರಿಸೋಲ್ಲ ಅಂತ ನಿಂತಿತು. 2003ರ ಡಿಸೆಂಬರಿನಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಅಂತರ್ಜಲ ಜನರ ಸ್ವತ್ತು, ಸರ್ಕಾರ ಅದರ ಕಾವಲುಗಾರ ಅಷ್ಟೇ ಅಂತ ಹೇಳಿತು. ಮೇಲ್ಮನವಿಗಳು ಮುಂದುವರಿದವು, ಆದರೆ 2004ರ ಮಾರ್ಚಿನಲ್ಲಿ ನಿಂತ ಘಟಕ ಮತ್ತೆ ಶುರುವಾಗಲಿಲ್ಲ.

ಮಯಿಲಮ್ಮ 2007ರಲ್ಲಿ ತೀರಿಕೊಂಡರು. 2010ರಲ್ಲಿ ಸರ್ಕಾರದ ಉನ್ನತ ಸಮಿತಿಯೊಂದು ಆ ಊರಿಗಾದ ನಷ್ಟವನ್ನು 216 ಕೋಟಿ ರೂಪಾಯಿ ಅಂತ ಲೆಕ್ಕ ಹಾಕಿತು. ಪರಿಹಾರ ಕೊಡಿಸೋಕೆ ನ್ಯಾಯಮಂಡಳಿ ಬೇಕು ಅಂತ 2011ರಲ್ಲಿ ಕೇರಳ ವಿಧಾನಸಭೆ ಮಸೂದೆ ಪಾಸ್ ಮಾಡಿತು. ಅದಕ್ಕೆ ರಾಷ್ಟ್ರಪತಿಯ ಅಂಕಿತ ಸಿಗಲಿಲ್ಲ.

ಬಾಗಿಲಲ್ಲಿ ಇರೋ ಊರಿನ ಪಾಡೇ ಇಷ್ಟು ಅಂತ ಕಾಣುತ್ತೆ. ರೋಮನ್ನರ ಹರಳು ಹಾದುಹೋಯ್ತು, ಹೈದರನ ಕುದುರೆ ಹಾದುಹೋಯ್ತು, ಮದ್ರಾಸಿನ ರೈಲು, ಕೊಯಮತ್ತೂರಿನ ಗಾಳಿ, ನಮ್ಮ ವೀಕೆಂಡ್ ಬಸ್ಸು ಎಲ್ಲ ಹಾದುಹೋದವು. ಹಾದುಹೋಗುವವರೆಲ್ಲ ಸುಂಕ ಕಟ್ಟಿದರು, ಆದರೆ ಅದು ಹೋದದ್ದು ಅರಮನೆಗೆ, ಕಂಪನಿಗೆ, ಸರ್ಕಾರಕ್ಕೆ. ಕೋಟೆಗೆ ಕಲ್ಲು ಹೊತ್ತವರು, ಹಳಿಗೆ ಮಣ್ಣು ಅಗೆದವರು, ಬಾವಿ ಕಳೆದುಕೊಂಡವರು ಆ ಲೆಕ್ಕದಲ್ಲಿ ಬರಲಿಲ್ಲ. ಫುಲ್ಲರ್ಟನ್ ಎಷ್ಟು ದಿನ ಮುತ್ತಿಗೆ ಹಾಕಿದ ಅಂತ ಪುಸ್ತಕದಲ್ಲಿ ಸಿಗುತ್ತೆ. ಆ ದಿನಗಳಲ್ಲಿ ಪಾಲಕ್ಕಾಡಿನ ಜನ ಏನು ತಿಂದರು ಅಂತ ಸಿಗಲ್ಲ.

ಮುಂದಿನ ಸಲ ಆ ದಾರಿಯಲ್ಲಿ ಹೋದಾಗ ಕೊಯಮತ್ತೂರು ದಾಟಿದ ಮೇಲೆ ನಿದ್ದೆ ಬಿಟ್ಟು ಕಿಟಕಿಯ ಕಡೆ ಕೂತ್ಕೊಳ್ಳಿ. ವಾಳಯಾರ್ ಬರೋ ಹೊತ್ತಿಗೆ ಬಲಗಡೆ ಬೆಟ್ಟ ತೀರಾ ಹತ್ತಿರ ಬರುತ್ತೆ, ಎಡಗಡೆ ದೂರದಲ್ಲಿ ಆನೆಮಲೆಯ ನೀಲಿ ಗೆರೆ. ಆ ಗೆರೆಗೂ ರಸ್ತೆಗೂ ನಡುವಿನ ತಾಳೆ ಮರಗಳ ಬಯಲಲ್ಲೇ ಎಲ್ಲೋ ಪ್ಲಾಚಿಮಡದ ಬಾವಿಗಳಿವೆ.